ತಂತ್ರಜ್ಞಾನ ಆಧಾರಿತ ಕಲಿಕೆ: ಕರ್ನಾಟಕದ ವಿಶ್ವವಿದ್ಯಾಲಯಗಳು ಮತ್ತು ಹಾಸನ ಜಿಲ್ಲೆ

ತಂತ್ರಜ್ಞಾನ ಆಧಾರಿತ ಕಲಿಕೆ ಎಂದರೆ ಪಾಠ ಹೇಳುವುದು, ಪಾಠಸಾಮಗ್ರಿ ಒದಗಿಸುವುದು, ಅಭ್ಯಾಸ ಮಾಡಿಸುವುದು, ಪರೀಕ್ಷೆ ನಡೆಸುವುದು ಇವುಗಳಲ್ಲಿ ಒಂದನ್ನೋ ಹಲವನ್ನೋ ರೇಡಿಯೊ, ದೂರದರ್ಶನ, ಉಪಗ್ರಹ, ಕಂಪ್ಯೂಟರ್, ಅಂತರಜಾಲ, ಮೊಬೈಲ್ ಫೋನುಗಳ ನೆರವಿನಿಂದ ನಡೆಸುವ ಶಿಕ್ಷಣ ಕ್ರಮ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಅರ್ಧ ಶತಮಾನದ ಹಿನ್ನೆಲೆಯಿದೆ. ಅಂಚೆಯಲ್ಲಿ ಬಂದ ಮುದ್ರಿತ ಪಾಠ, ಉಪಗ್ರಹದಿಂದ ಬಂದ ಟಿ.ವಿ. ಪಾಠ, ಸರ್ವರ್‌ನಲ್ಲಿ ಕೂತ ವಿಡಿಯೊ ಪಾಠ ಎಂದು ಮೂರು ಘಟ್ಟಗಳನ್ನು ಸ್ಪಷ್ಟವಾಗಿ ಗುರುತಿಸಬಹುದು. ಈ ಲೇಖನ ರಾಜ್ಯದ ಒಟ್ಟು ಬೆಳವಣಿಗೆಯನ್ನು ವಿವರಿಸುತ್ತ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸೀಮೆಯನ್ನು ಮಾದರಿಯಾಗಿ ನೋಡುತ್ತದೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಂಥ ಹಳ್ಳಿಯ ವಿದ್ಯಾರ್ಥಿಗೆ ಈ ಕಲಿಕೆ ಯಾವ ದಾರಿಯಲ್ಲಿ ತಲುಪುತ್ತದೆ ಎಂಬುದೇ ಅದರ ಸರಿಯಾದ ಅಳತೆ.

ಪರಿಭಾಷೆ

ಬೋಧಕರೂ ವಿದ್ಯಾರ್ಥಿಗಳೂ ಬೇರೆ ಬೇರೆ ಕಡೆ ಇದ್ದು, ಮುದ್ರಿತ ಪಾಠ ಮತ್ತು ಸಂಪರ್ಕ ತರಗತಿಗಳ ಮೂಲಕ ನಡೆಯುವ ಕ್ರಮ ದೂರಶಿಕ್ಷಣ. ಪ್ರವೇಶದಿಂದ ಮೌಲ್ಯಮಾಪನದವರೆಗೆ ಬಹುಪಾಲು ಅಂತರಜಾಲದಲ್ಲೇ ನಡೆಯುವುದು ಆನ್‌ಲೈನ್ ಕಲಿಕೆ. ತರಗತಿಯ ಪಾಠ, ಅಂತರಜಾಲದ ಪಾಠ ಎರಡನ್ನೂ ಗೊತ್ತುಪಡಿಸಿದ ಪ್ರಮಾಣದಲ್ಲಿ ಸೇರಿಸಿದರೆ ಅದು ಮಿಶ್ರ ಕಲಿಕೆ. ಪಾಠ, ಹಾಜರಿ, ಅಸೈನ್‌ಮೆಂಟ್, ಅಂಕಗಳನ್ನು ಒಂದೇ ಕಡೆ ಇರಿಸುವ ತಂತ್ರಾಂಶಕ್ಕೆ ಕಲಿಕಾ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಕಾಲೇಜುಗಳಲ್ಲಿ ಎಲ್ಲರೂ ಎಲ್‌ಎಂಎಸ್ ಎಂದೇ ಕರೆಯುತ್ತಾರೆ. ಯಾರು ಬೇಕಾದರೂ ಎಷ್ಟು ಜನ ಬೇಕಾದರೂ ಸೇರಬಹುದಾದ ಮುಕ್ತ ಆನ್‌ಲೈನ್ ಕೋರ್ಸ್ ಮೂಕ್. ಹಾಸನ ಸೀಮೆಯಲ್ಲಿ ಸಾಮಾನ್ಯವಾಗಿ 'ಆನ್‌ಲೈನ್ ಕ್ಲಾಸ್' ಎನ್ನುವ ಮಾತು ಇವೆಲ್ಲಕ್ಕೂ ಬಳಕೆಯಾಗುವುದುಂಟು. ಇಲ್ಲಿ ಅವನ್ನು ಬೇರೆ ಬೇರೆಯಾಗಿಯೇ ಬಳಸಲಾಗಿದೆ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಕೆಲಸ ಬಿಡಲಾಗದ ಶಿಕ್ಷಕರು, ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಪದವಿ ಪಡೆಯಲು ಅದೊಂದು ದೊಡ್ಡ ದಾರಿಯಾಯಿತು. ಈ ಅಂಚೆ ಶಿಕ್ಷಣದ ತಳಹದಿಯ ಮೇಲೆಯೇ, 1992ರ ಕಾಯ್ದೆಯ ಪ್ರಕಾರ, 1996ರ ಜೂನ್ 1ರಂದು ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು.

ಉಪಗ್ರಹದ ಘಟ್ಟ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅದು ಉನ್ನತ ಶಿಕ್ಷಣದ ಯೋಜನೆಯಾಗಿರಲಿಲ್ಲ. ಆದರೆ ಆಕಾಶದಿಂದ ಪಾಠ ಇಳಿಸಬಹುದು ಎಂಬುದನ್ನು ದೇಶಕ್ಕೆ ತೋರಿಸಿದ್ದು ಅದೇ.

ಹಾಸನ ಈ ಚರಿತ್ರೆಯೊಳಗೆ ಬರುವುದು 1982ರಲ್ಲಿ. ಆ ವರ್ಷ ನಗರದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಆರಂಭವಾಯಿತು. ಭೂಸ್ಥಿರ ಕಕ್ಷೆಯ ಭಾರತೀಯ ಉಪಗ್ರಹಗಳನ್ನು ಕಕ್ಷೆಗೆ ಏರಿಸಿ ನಿಲ್ಲಿಸುವುದು, ಅವು ಜಾಗ ತಪ್ಪದಂತೆ ಕಾಯುವುದು ಇದರ ಹೊಣೆ. 2005ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರ ಬರುವವರೆಗೆ ಇಡೀ ದೇಶಕ್ಕೆ ಈ ಕೆಲಸ ಮಾಡುತ್ತಿದ್ದದ್ದು ಹಾಸನವೊಂದೇ. 1983ರಲ್ಲಿ ಹಾರಿದ ಇನ್ಸಾಟ್-1ಬಿ ಮೂಲಕ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 1984ರ ಆಗಸ್ಟ್ 15ರಿಂದ ಪದವಿ ವಿದ್ಯಾರ್ಥಿಗಳಿಗಾಗಿ ದೂರದರ್ಶನದಲ್ಲಿ 'ಕಂಟ್ರಿವೈಡ್ ಕ್ಲಾಸ್‌ರೂಮ್' ಪ್ರಸಾರ ಶುರುಮಾಡಿತು. ಕಾರ್ಯಕ್ರಮಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದವು. ಉಪಗ್ರಹವನ್ನು ಹಿಡಿದು ನಿಲ್ಲಿಸಿದ್ದು ಹಾಸನದ ಆಂಟೆನಾಗಳು. ಆದರೆ ಜಿಲ್ಲೆಯ ಹಳ್ಳಿಗಳಿಂದ ಬರುತ್ತಿದ್ದ ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗೆ ಆ ಪಾಠ ದಕ್ಕುವಂತಿರಲಿಲ್ಲ. ಮುಂದಿನ ನಾಲ್ಕು ದಶಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕು ಇಲ್ಲಿಯೇ ಮೊದಲು ಕಾಣಿಸುತ್ತದೆ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹವಿದು. ತೂಕ ಸುಮಾರು 1,950 ಕಿ.ಗ್ರಾಂ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾಗಿದ್ದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿ.ಟಿ.ಯು.) ಈ ಯೋಜನೆಯ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ಕೆಲವೇ ಸಂಸ್ಥೆಗಳಲ್ಲಿ ಒಂದು. ಸ್ಟುಡಿಯೊದಲ್ಲಿ ಅನುಭವಿ ಪ್ರಾಧ್ಯಾಪಕರು ಪಾಠ ಮಾಡುತ್ತಿದ್ದರು. ಸಂಯೋಜಿತ ಕಾಲೇಜುಗಳ ಕೊಠಡಿಗಳಲ್ಲಿ ಕೂತ ವಿದ್ಯಾರ್ಥಿಗಳು ಪರದೆಯ ಮೇಲೆ ಅದನ್ನು ಕೇಳಿ, ಅಲ್ಲಿಂದಲೇ ಪ್ರಶ್ನೆ ಕೇಳಬಹುದಿತ್ತು. ಏಕಮುಖ ಪ್ರಸಾರ ಸಂವಾದವಾಗಿ ಬದಲಾದದ್ದು ಇಲ್ಲಿ. ಹೊಸ ಕಾಲೇಜುಗಳು ಸಾಲುಸಾಲಾಗಿ ತೆರೆದು ಬೋಧಕರ ಕೊರತೆ ಕಾಡುತ್ತಿದ್ದ ಕಾಲದಲ್ಲಿ ಇದು ನಿಜವಾದ ಉಪಯೋಗ ಕೊಟ್ಟಿತು. ಎಜುಸ್ಯಾಟ್ 2010ರಲ್ಲಿ ಸೇವೆ ಮುಗಿಸಿತು. ಮೈಸೂರಿನಲ್ಲಿರುವ ವಿ.ಟಿ.ಯು. ಇ-ಕಲಿಕಾ ಕೇಂದ್ರ ಪಾಠಗಳನ್ನು ಅಂತರಜಾಲಕ್ಕೆ ತಂದಿತು.

ಅಂತರಜಾಲದ ಘಟ್ಟಕ್ಕೆ ಅಡಿಪಾಯ ಹಾಕಿದ್ದು ಏಳು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಕೈಗೆತ್ತಿಕೊಂಡ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ. 2009ರಲ್ಲಿ ಬಂದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನ ಕಾಲೇಜುಗಳಿಗೆ ಜಾಲಸಂಪರ್ಕ ಕೊಡಿಸಿತು, ಇ-ಪುಸ್ತಕಗಳನ್ನು ಒದಗಿಸಿತು. 2014ರಲ್ಲಿ ಎನ್‌ಪಿಟೆಲ್ ಪ್ರಮಾಣಪತ್ರದ ಕೋರ್ಸುಗಳನ್ನು ಆರಂಭಿಸಿತು. 2017ರ ಜುಲೈ 9ರಂದು ಕೇಂದ್ರ ಸರ್ಕಾರದ ಮೂಕ್‌ಗಳ ವೇದಿಕೆ 'ಸ್ವಯಂ' ಉದ್ಘಾಟನೆಯಾಯಿತು.

ರಚನೆ

ಇಂದಿನ ವ್ಯವಸ್ಥೆಯಲ್ಲಿ ಪಾಠಸಾಮಗ್ರಿ, ವೇದಿಕೆ, ಜಾಲ, ಸಾಧನ ಎಂಬ ಭಾಗಗಳಿವೆ. ಇವುಗಳನ್ನು ಜೋಡಿಸಿ ನಡೆಸುವ ಬೋಧಕರು ಇಲ್ಲದಿದ್ದರೆ ಉಳಿದವು ಇದ್ದೂ ಇಲ್ಲದಂತೆ.

ಪಾಠಸಾಮಗ್ರಿಯ ಅಂಗೀಕೃತ ಮಾದರಿ ಸ್ವಯಂ ಅನುಸರಿಸುವ ಚತುರ್ಭಾಗ ಕ್ರಮ: ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚಾವೇದಿಕೆ, ಸ್ವಪರೀಕ್ಷೆ. ಎನ್‌ಪಿಟೆಲ್ ಕೋರ್ಸುಗಳು ಸಾಮಾನ್ಯವಾಗಿ 4, 8 ಅಥವಾ 12 ವಾರಗಳವು. ಸೇರಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ, ಗೊತ್ತಾದ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ಬರೆಯಬೇಕು. ಅಂತಿಮ ಅಂಕದಲ್ಲಿ ವಾರವಾರದ ಅಸೈನ್‌ಮೆಂಟಿಗೆ ಶೇ. 25, ಪರೀಕ್ಷೆಗೆ ಶೇ. 75. ಮನೆಯಲ್ಲಿ ಕೂತು ನೋಡಿದ ಪಾಠಕ್ಕೂ ಪರೀಕ್ಷೆಗೆ ಊರು ಬಿಟ್ಟು ಹೋಗಲೇಬೇಕು ಎಂಬುದು ಗ್ರಾಮೀಣ ವಿದ್ಯಾರ್ಥಿಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಟ್ಟ ಮಾದರಿ ಐ.ಐ.ಟಿ. ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ತಂತ್ರಾಂಶಗಳ ಬಳಕೆ ಕಲಿಸುವ ಇದರ ಒಂದೊಂದು ಪಾಠವೂ ಸುಮಾರು ಹತ್ತು ನಿಮಿಷದ್ದು. ಪರದೆಯ ಅರ್ಧದಲ್ಲಿ ಪಾಠ ಓಡುತ್ತಿದ್ದಂತೆ ಇನ್ನರ್ಧದಲ್ಲಿ ಅದೇ ತಂತ್ರಾಂಶ ತೆರೆದುಕೊಂಡು, ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಹೇಳಿದ್ದನ್ನು ಕೈಯಾರೆ ಮಾಡಿ ನೋಡುತ್ತ ಹೋಗಬೇಕು. ಧ್ವನಿಯನ್ನು ಮಾತ್ರ ಬದಲಿಸಿದರೆ ಸಾಕಾದ್ದರಿಂದ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಪಾಠಗಳು ಬಂದಿವೆ. ಪ್ರಯೋಗಾಲಯದ ಮಟ್ಟಿಗೆ ಇಂಥದ್ದೇ ಕೆಲಸ ಮಾಡುತ್ತಿರುವುದು ವರ್ಚುವಲ್ ಲ್ಯಾಬ್ಸ್; ಸುರತ್ಕಲ್ಲಿನ ಎನ್.ಐ.ಟಿ.ಕೆ. ಅದರ ಪಾಲುದಾರ ಸಂಸ್ಥೆಗಳಲ್ಲಿ ಒಂದು.

ಪ್ರಕಾರಗಳು

ತರಗತಿಗೆ ಪೂರಕವಾಗಿ ಪ್ರೊಜೆಕ್ಟರ್, ವಿಡಿಯೊ ಬಳಸುವುದು ಎಲ್ಲಕ್ಕಿಂತ ವ್ಯಾಪಕ. ಮಿಶ್ರ ಕಲಿಕೆಗೆ ನಿಯಮದ ಆಧಾರ ಸಿಕ್ಕಿದ್ದು ಈಚೆಗೆ. 2016ರ ಯುಜಿಸಿ ನಿಯಮಾವಳಿ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 20ರಷ್ಟನ್ನು ಸ್ವಯಂ ಮೂಲಕ ಓದಲು ಅವಕಾಶ ಕೊಟ್ಟಿತು. 2021ರ ನಿಯಮಾವಳಿ ಅದನ್ನು ಶೇ. 40ಕ್ಕೆ ಏರಿಸಿತು. ಪೂರ್ಣ ಆನ್‌ಲೈನ್ ಪದವಿ ಕೊಡಲು 2020ರ ನಿಯಮಾವಳಿ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಅಂಕ 3.26ರಂಥ ಎತ್ತರದ ಅರ್ಹತೆ ಇಟ್ಟಿದ್ದರಿಂದ ಆ ದಾರಿ ಮೊದಲು ತೆರೆದದ್ದು ಹೆಚ್ಚಾಗಿ ದೊಡ್ಡ ಸಂಸ್ಥೆಗಳಿಗೆ.

ದೂರಶಿಕ್ಷಣದಲ್ಲಿ ರಾಜ್ಯದ ಅನುಭವ ಕಹಿಯಾದದ್ದೂ ಉಂಟು. 2015ರಲ್ಲಿ ಯುಜಿಸಿ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು 2012-13ರಿಂದ ಪೂರ್ವಾನ್ವಯವಾಗಿ ಹಿಂತೆಗೆದುಕೊಂಡಿತು. ರಾಜ್ಯದ ಹೊರಗಿನ ಸಹಯೋಗ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದು ಇದಕ್ಕೆ ಮುಖ್ಯ ಕಾರಣ. ಅದಾಗಲೇ ಓದುತ್ತಿದ್ದ ಸಾವಿರಾರು ಜನ ಅತಂತ್ರರಾದರು. ಮಾನ್ಯತೆ ಮರಳಿದ್ದು 2018ರಲ್ಲಿ. ಹಾಸನದಲ್ಲಿಯೂ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರವಿದೆ.

ಹಾಸನ ಜಿಲ್ಲೆಯಲ್ಲಿ

ಜಿಲ್ಲೆಯ ಉನ್ನತ ಶಿಕ್ಷಣ ಒಂದೇ ವಿಶ್ವವಿದ್ಯಾಲಯದ ಕೆಳಗಿಲ್ಲ. 1960ರಲ್ಲಿ ಶುರುವಾಗಿ 2007ರಲ್ಲಿ ಸ್ವಾಯತ್ತವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಮತ್ತಿತರ ತಾಂತ್ರಿಕ ಕಾಲೇಜುಗಳು ವಿ.ಟಿ.ಯು.ಗೆ ಸೇರಿವೆ. ಕಾರೇಕೆರೆಯ ಕೃಷಿ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಆರಂಭವಾದದ್ದು. ಹಾಸನದ ಡೇರಿ ವಿಜ್ಞಾನ ಕಾಲೇಜು ಬೀದರಿನ ಪಶು ವಿಶ್ವವಿದ್ಯಾಲಯದ್ದು. ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಲೆ, ವಾಣಿಜ್ಯ, ವಿಜ್ಞಾನದ ಪದವಿ ಕಾಲೇಜುಗಳು ಮಾತ್ರ ಮೈಸೂರು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದ್ದವು; ಅದರ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿಯನ್ನು ಆಧಾರವಾಗಿಟ್ಟುಕೊಂಡು, 2022ರ ತಿದ್ದುಪಡಿ ಕಾಯ್ದೆಯಂತೆ ಹಾಸನ ವಿಶ್ವವಿದ್ಯಾಲಯ ರಚನೆಯಾಗಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು.

ಹೀಗಾಗಿ ಒಂದೇ ಬಸ್ಸಿನಲ್ಲಿ ಹಾಸನಕ್ಕೆ ಬರುವ ವಿದ್ಯಾರ್ಥಿಗಳು ಬೇರೆ ಬೇರೆ ಪೋರ್ಟಲುಗಳಿಗೆ ಲಾಗಿನ್ ಆಗುತ್ತಾರೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಎನ್‌ಪಿಟೆಲ್ ಕೋರ್ಸು ಪಠ್ಯಕ್ರಮದ ಭಾಗವಾಗಿಯೇ ಪರಿಚಿತ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬಿ.ಎ., ಬಿ.ಕಾಂ. ವಿದ್ಯಾರ್ಥಿಗೆ ತಂತ್ರಜ್ಞಾನ ಎಂದರೆ ಮೊದಲು ನೆನಪಾಗುವುದು ಪ್ರವೇಶ, ಶುಲ್ಕ, ಹಾಲ್ ಟಿಕೆಟ್, ಫಲಿತಾಂಶಗಳಿಗಾಗಿ 2021ರಲ್ಲಿ ಬಂದ ಯುಯುಸಿಎಂಎಸ್ ಪೋರ್ಟಲ್. ಫೋನಿನಲ್ಲಿ ಅರ್ಜಿ ತುಂಬಲಾಗದಿದ್ದರೆ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್ ಇದ್ದೇ ಇದೆ. ಪಾಠದ ಟಿಪ್ಪಣಿ ಬರುವುದು ಹೆಚ್ಚಾಗಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಎಲ್‌ಎಂಎಸ್ ಇದ್ದರೂ ಬೋಧಕರೂ ವಿದ್ಯಾರ್ಥಿಗಳೂ ಆ ಗುಂಪನ್ನೇ ನೆಚ್ಚಿಕೊಳ್ಳುತ್ತಾರೆ, ಏಕೆಂದರೆ ಅದಕ್ಕೆ ಬೇರೆ ಪಾಸ್‌ವರ್ಡ್ ಬೇಕಿಲ್ಲ, ದುರ್ಬಲ ಸಿಗ್ನಲ್‌ನಲ್ಲೂ ಫೈಲು ನಿಧಾನವಾಗಿಯಾದರೂ ಇಳಿಯುತ್ತದೆ. ಪಂಚಾಯಿತಿ ಗ್ರಂಥಾಲಯಗಳನ್ನು ಕಂಪ್ಯೂಟರ್ ಸಹಿತ 'ಅರಿವು ಕೇಂದ್ರ'ಗಳಾಗಿ ಮಾಡಿರುವುದು ಊರಿನಲ್ಲೇ ಕೂತು ಓದುವವರಿಗೆ ಹೊಸ ಅನುಕೂಲ.

ಬಳಕೆ ಮತ್ತು ವಿಸ್ತಾರ

ಕೋವಿಡ್ ಸಾಂಕ್ರಾಮಿಕ ಈ ಕ್ಷೇತ್ರದ ಗತಿಯನ್ನೇ ಬದಲಿಸಿತು. 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಪದವಿ ಕಾಲೇಜುಗಳು ನವೆಂಬರ್ 17ರಂದು ತೆರೆದವು. 2021ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿ ಜುಲೈ 26ರಂದು ತೆರೆದವು. ಆ ನಡುವೆ ಜೂಮ್, ಗೂಗಲ್ ಮೀಟ್‌ಗಳೇ ತರಗತಿಯಾದವು. ಮಲೆನಾಡಿನ ಹಲವೆಡೆ ವಿದ್ಯಾರ್ಥಿಗಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೊಡೆಯ ಕೆಳಗೆ ಪಾಠ ಕೇಳಿದರು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು ಈ ಪಾಡನ್ನು ಮೊದಲೇ ಸೂಚಿಸಿತ್ತು: ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4ರಲ್ಲಿ, ಅಂತರಜಾಲ ಸೌಲಭ್ಯ ಇದ್ದದ್ದು ಶೇ. 14.9ರಲ್ಲಿ, ನಗರಗಳಲ್ಲಿ ಈ ಪ್ರಮಾಣ ಶೇ. 23.4 ಮತ್ತು ಶೇ. 42.

ರಾಜ್ಯ ಸರ್ಕಾರ 2020ರ ಕೊನೆಗೆ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೂ ಸರ್ಕಾರಿ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೂ ಅನ್ವಯಿಸುವ ಎಲ್‌ಎಂಎಸ್ ಆರಂಭಿಸಿತು. ಸರ್ಕಾರಿ ಕಾಲೇಜಿನ ಪದವಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ವಿತರಣೆಯಾಯಿತು. 2021ರ ಜೂನ್‌ನಲ್ಲಿ ಸುಮಾರು 1.55 ಲಕ್ಷ ಟ್ಯಾಬ್ ಕೊಡುವ ಕಾರ್ಯಕ್ರಮಕ್ಕೆ ಚಾಲನೆ ಸಿಕ್ಕಿತು. ಅದೇ ವರ್ಷ ಜಾರಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪತ್ರಿಕೆ ಸೇರಿತು.

ಪರೀಕ್ಷಾ ವಿಭಾಗದಲ್ಲಿ ಆದ ಬದಲಾವಣೆ ಸದ್ದಿಲ್ಲದೆ ನಡೆದರೂ ಗಟ್ಟಿಯಾಗಿ ನಿಂತಿದೆ. ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಅಂಕ ಕೊಡುವ ಡಿಜಿಟಲ್ ಮೌಲ್ಯಮಾಪನವನ್ನು ವಿ.ಟಿ.ಯು. 2010ರ ದಶಕದ ಆರಂಭದಲ್ಲೇ ಅಳವಡಿಸಿಕೊಂಡಿತು. ಪತ್ರಿಕೆಯ ಕಟ್ಟುಗಳು ಲಾರಿಯಲ್ಲಿ ಊರೂರು ಸುತ್ತುವುದು ತಪ್ಪಿತು, ಅಂಕ ಕೂಡುವಾಗಿನ ಲೋಪ ಕಡಿಮೆಯಾಯಿತು.

ಕನ್ನಡದ ಪ್ರಶ್ನೆ

ಪಾಠಸಾಮಗ್ರಿಯ ಭಾಷೆ ಈ ಕ್ಷೇತ್ರದ ಅತ್ಯಂತ ಇಕ್ಕಟ್ಟಾದ ಜಾಗ. ಸ್ವಯಂ, ಎನ್‌ಪಿಟೆಲ್ ಎರಡರಲ್ಲೂ ಮೂಲ ಪಾಠ ಬಹುತೇಕ ಇಂಗ್ಲಿಷಿನದು. ಎನ್‌ಪಿಟೆಲ್‌ನ ಕೆಲವು ಪಾಠಗಳ ಲಿಖಿತ ರೂಪ ಕನ್ನಡಕ್ಕೆ ಅನುವಾದವಾಗಿದೆ. 2021ರಲ್ಲಿ ಕನ್ನಡ ಮಾಧ್ಯಮದ ಎಂಜಿನಿಯರಿಂಗ್‌ಗೆ ಕೆಲವು ಕಾಲೇಜುಗಳು ಅನುಮತಿ ಪಡೆದರೂ ಸೇರಿದವರು ಬೆರಳೆಣಿಕೆಯಷ್ಟು. ಪದವಿ ತರಗತಿಗಳಲ್ಲಿ ಪರಿಸ್ಥಿತಿ ತಿರುಗುಮುರುಗು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರವನ್ನು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಉತ್ತರ ಬರೆಯುವವರು ಬಹಳ, ಅವರಿಗೆ ಸಿಗುವ ಆನ್‌ಲೈನ್ ಕೋರ್ಸು ವಿರಳ.

ಇದರ ಜೊತೆಗೆ ಅಕ್ಷರ ಸಂಕೇತದ ತೊಡಕೂ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಟಿಪ್ಪಣಿಯನ್ನು ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಲ್ಯಾಟಿನ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸದ ಹೊರತು ಅದರೊಳಗೆ ಪದ ಹುಡುಕಲಾಗದು, ಯಂತ್ರಕ್ಕೆ ಓದಿಸಲಾಗದು. ಬೋಧಕರು ವರ್ಷಗಟ್ಟಲೆ ಶ್ರಮಪಟ್ಟು ಮಾಡಿದ ಎಷ್ಟೋ ಒಳ್ಳೆಯ ಟಿಪ್ಪಣಿಗಳು ಹೀಗೆ ಕಂಪ್ಯೂಟರಿನಲ್ಲೇ ಉಳಿದಿವೆ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗಂತೂ ಯೂನಿಕೋಡ್ ಅಲ್ಲದ ಪಠ್ಯ ಪೂರ್ತಿ ಮುಚ್ಚಿದ ಬಾಗಿಲು.

ಒಳ್ಳೆಯ ಮಾದರಿಗಳೂ ಇವೆ. ಮೈಸೂರು ವಿಶ್ವವಿದ್ಯಾಲಯ ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ 2013ರಿಂದ ಕನ್ನಡ ಭಾಷಾ ವಿದ್ಯಾರ್ಥಿಗಳಿಂದ ವಿಕಿಪೀಡಿಯಕ್ಕೆ ಲೇಖನ ಬರೆಸಿದೆ. ವಿದ್ಯಾರ್ಥಿ ಓದುಗನಾಗಿ ಮಾತ್ರ ಉಳಿಯದೆ ಬರೆಯುವವನೂ ಆಗುವ ಇಂಥ ಕೆಲಸ ಎಲ್ಲ ಕಾಲೇಜುಗಳಲ್ಲಿ ಸಾಧ್ಯವಿದೆ. ಹೆಚ್ಚಿನ ಸಲಕರಣೆಯೂ ಬೇಕಿಲ್ಲ.

ಪ್ರವೃತ್ತಿಗಳನ್ನು ಗುರುತಿಸುವ ಕ್ರಮ

ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಮಾಹಿತಿ ವ್ಯವಸ್ಥೆಗಳ ಒಕ್ಕೂಟ ಯುಸಿಸಾ 2001ರಿಂದ ಕಾಲಕಾಲಕ್ಕೆ ತಂತ್ರಜ್ಞಾನ ಆಧಾರಿತ ಕಲಿಕೆಯ ಬಗ್ಗೆಯೇ ಪ್ರತ್ಯೇಕ ಸಮೀಕ್ಷೆ ನಡೆಸಿ, ಯಾವ ವೇದಿಕೆ ಬಳಕೆಯಲ್ಲಿದೆ, ಬೋಧಕರಿಗೆ ಏನು ನೆರವಿದೆ, ಅಡ್ಡಿ ಏನು ಎಂದು ದಾಖಲಿಸಿದೆ. ಭಾರತದಲ್ಲಿ ಈ ಮಾಹಿತಿ ಹಲವು ಕಡೆ ಚದುರಿದೆ. ಕೇಂದ್ರ ಸರ್ಕಾರದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ 2010-11ರಿಂದ ವಿದ್ಯಾರ್ಥಿ, ಬೋಧಕ, ಸೌಲಭ್ಯಗಳನ್ನು ಲೆಕ್ಕ ಹಾಕುತ್ತಿದೆ. 2016ರಿಂದ ಶಿಕ್ಷಣ ಸಂಸ್ಥೆಗಳ ಎನ್‌ಐಆರ್‌ಎಫ್ ಶ್ರೇಯಾಂಕ ಪ್ರಕಟವಾಗುತ್ತಿದೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ನಾಗರಬಾವಿಯಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ ಏಳು ಮಾನದಂಡಗಳಲ್ಲಿ ಮೌಲ್ಯಾಂಕನ ಮಾಡುತ್ತ ಬಂದಿದೆ. ಅವುಗಳಲ್ಲಿ ನಾಲ್ಕನೆಯದು ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲ. ವಿದ್ಯಾರ್ಥಿ–ಕಂಪ್ಯೂಟರ್ ಅನುಪಾತ, ಅಂತರಜಾಲದ ವೇಗ, ಗ್ರಂಥಾಲಯದ ಗಣಕೀಕರಣ ಇದರಲ್ಲಿ ಬರುತ್ತವೆ. 2017ರಿಂದ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಇದೆ. ಎಲ್‌ಸಿಡಿ ಪ್ರೊಜೆಕ್ಟರ್, ಮಲ್ಟಿಮೀಡಿಯದಂಥ ಸಾಧನಗಳನ್ನು ಶೇಕಡ ಎಷ್ಟು ಬೋಧಕರು ಬಳಸುತ್ತಾರೆ ಎಂದು ಅದರಲ್ಲಿ ನೇರವಾಗಿ ಕೇಳಲಾಗುತ್ತದೆ.

ಈ ಅಳತೆಗಳು ಸಲಕರಣೆಯನ್ನು ಚೆನ್ನಾಗಿ ಎಣಿಸುತ್ತವೆ. ಎಷ್ಟು ಕೊಠಡಿಗೆ ಪ್ರೊಜೆಕ್ಟರ್ ಬಂತು, ಎಷ್ಟು ಟ್ಯಾಬ್ ಹಂಚಲಾಯಿತು ಎಂಬುದು ತಿಳಿಯುತ್ತದೆ. ಹಂಚಿದ ಟ್ಯಾಬ್ ಎರಡು ವರ್ಷದ ಮೇಲೆ ಯಾವ ಸ್ಥಿತಿಯಲ್ಲಿದೆ, ವಿಡಿಯೊ ಪಾಠವನ್ನು ವಿದ್ಯಾರ್ಥಿ ಕೊನೆಯವರೆಗೆ ನೋಡಿದನೆ, ಯಾವ ಭಾಷೆಯಲ್ಲಿ ನೋಡಿದ, ಅದರಿಂದ ವಿಷಯ ಅರ್ಥವಾಯಿತೆ ಎಂಬುದು ಅವುಗಳ ವ್ಯಾಪ್ತಿಗೆ ಬಂದಿಲ್ಲ. ಹರದನಹಳ್ಳಿಯ ವಿದ್ಯಾರ್ಥಿನಿಯ ಮಟ್ಟಿಗೆ ಮುಖ್ಯವಾದವು ಈ ಎರಡನೆಯ ಗುಂಪಿನ ಪ್ರಶ್ನೆಗಳೇ. ಎಲ್‌ಎಂಎಸ್‌ನ ದಾಖಲೆಯಿಂದ ಇವುಗಳಲ್ಲಿ ಕೆಲವಕ್ಕೆ ಉತ್ತರ ತೆಗೆಯಬಹುದು. ಹೆಸರು ಬಿಟ್ಟು, ಕಾಲೇಜುವಾರು ಅದನ್ನು ಪ್ರಕಟಿಸುವುದು ಅಸಾಧ್ಯದ ಕೆಲಸವಲ್ಲ.

ಇಂದಿನ ಸ್ಥಿತಿ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಸೈನ್‌ಮೆಂಟಿನ ಸ್ವರೂಪವೇ ಪ್ರಶ್ನೆಗೆ ಒಳಗಾಗಿದೆ. ಮನೆಯಲ್ಲಿ ಬರೆದು ತಂದ ಉತ್ತರದಿಂದ ಕಲಿಕೆಯನ್ನು ಅಳೆಯುವುದು ಕಷ್ಟವಾಗಿ, ಮೌಖಿಕ ಪರೀಕ್ಷೆ ಮತ್ತು ತರಗತಿಯಲ್ಲೇ ಬರೆಸುವ ಕಿರುಪರೀಕ್ಷೆಗಳಿಗೆ ಮತ್ತೆ ಬೆಲೆ ಬಂದಿದೆ. ಯಂತ್ರಾನುವಾದ ಕನ್ನಡದಲ್ಲೂ ಸುಧಾರಿಸುತ್ತಿದೆ. ಪಾರಿಭಾಷಿಕ ಪದಗಳನ್ನು ವಿಷಯ ಬಲ್ಲವರು ತಿದ್ದದೆ ಅದನ್ನು ಪಠ್ಯವಾಗಿ ಬಳಸುವಂತಿಲ್ಲ.

ನೀತಿಯ ಮಟ್ಟದಲ್ಲಿ ಚಿತ್ರ ಬದಲಾಗುತ್ತಲೇ ಇದೆ. ರಾಜ್ಯ ಸರ್ಕಾರ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿ, 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. 2024ರ ಜನವರಿಯಲ್ಲಿ ನ್ಯಾಕ್ ಶ್ರೇಣಿ ಕೊಡುವುದರ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಹೊಸ ಪದ್ಧತಿಯನ್ನು ಘೋಷಿಸಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಹಣ ಮತ್ತು ಸಿಬ್ಬಂದಿಯ ಕೊರತೆಯ ಕಾರಣಕ್ಕೆ, ಹೊಸದಾಗಿ ರಚನೆಯಾದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಮಾತೃ ವಿಶ್ವವಿದ್ಯಾಲಯಗಳಿಗೆ ಸೇರಿಸುವ ಪ್ರಸ್ತಾಪ ಮುಂದಿಟ್ಟಿತು. ಆ ಒಂಬತ್ತರಲ್ಲಿ ಹಾಸನ ವಿಶ್ವವಿದ್ಯಾಲಯವೂ ಒಂದು.